ಆಟದೊಳಗಿನ ಹಣ

ಆಟದೊಳಗಿನ ಹಣ ಎಂದರೆ ಆನ್‌ಲೈನ್ ಪಾತ್ರಧಾರಿ ಆಟಗಳಲ್ಲಿ ಆಟಗಾರರು ಗಳಿಸುವ, ಕೂಡಿಡುವ ಮತ್ತು ವೆಚ್ಚ ಮಾಡುವ ಕಾಲ್ಪನಿಕ ನಾಣ್ಯ. ರೋಲ್ ಪ್ಲೇಯಿಂಗ್ ಗೇಮ್ ಎಂದು ಕರೆಯಲಾಗುವ ಈ ಆಟಗಳಲ್ಲಿ ಸಾವಿರಾರು ಜನರು ಅಂತರಜಾಲದ ಮೂಲಕ ಏಕಕಾಲಕ್ಕೆ ಪಾಲ್ಗೊಳ್ಳುತ್ತಾರೆ. ಪ್ರತಿಯೊಬ್ಬರೂ ಯೋಧ, ಮಾಂತ್ರಿಕ, ಕಮ್ಮಾರ, ವ್ಯಾಪಾರಿ ಮುಂತಾದ ಒಂದು ಪಾತ್ರವನ್ನು ಧರಿಸಿ ಆಟದ ಲೋಕದಲ್ಲಿ ಸಂಚರಿಸುತ್ತಾರೆ. ಆಯುಧ, ಉಡುಪು, ಔಷಧ, ವಾಹನ, ಮನೆ ಇತ್ಯಾದಿಗಳನ್ನು ಕೊಳ್ಳಲು ಆ ಲೋಕದ ನಾಣ್ಯವೇ ಬೇಕಾಗುತ್ತದೆ. ಆಟಕ್ಕನುಗುಣವಾಗಿ ಇದಕ್ಕೆ ಚಿನ್ನ, ಬೆಳ್ಳಿ, ಪ್ಲಾಟಿನಂ, ಮೋರಾ, ಐಎಸ್‌ಕೆ ಮುಂತಾದ ಹೆಸರುಗಳಿವೆ.

ಈ ನಾಣ್ಯವನ್ನು ಯಾವ ಸರ್ಕಾರವೂ ಮುದ್ರಿಸುವುದಿಲ್ಲ. ಆಟವನ್ನು ನಡೆಸುವ ಸಂಸ್ಥೆಯ ಗಣಕವೇ ಅದನ್ನು ಸೃಷ್ಟಿಸುತ್ತದೆ ಮತ್ತು ಅಳಿಸುತ್ತದೆ. ಆದರೂ ಬೇಡಿಕೆ, ಪೂರೈಕೆ, ಬೆಲೆಯೇರಿಕೆ, ಸುಂಕ, ಕಾಳಸಂತೆ ಮೊದಲಾದ ಆರ್ಥಿಕ ವಿದ್ಯಮಾನಗಳೆಲ್ಲವೂ ಆಟದ ಲೋಕದಲ್ಲಿ ಕಂಡುಬರುವುದರಿಂದ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿದ್ದಾರೆ. ಆಟಗಾರನು ಗಂಟೆಗಟ್ಟಲೆ ಶ್ರಮಿಸಿ ಗಳಿಸಿದ ನಾಣ್ಯವು ಸಾಮಾನ್ಯವಾಗಿ ಆಟದ ಕರಾರಿನ ಪ್ರಕಾರ ಅವನ ಸ್ವತ್ತಾಗಿರುವುದಿಲ್ಲ. ಬಳಸಲು ದೊರೆತ ಪರವಾನಗಿ ಮಾತ್ರವಾಗಿರುತ್ತದೆ. ಆಟದೊಳಗಿನ ಗಳಿಕೆ, ರೂಪಾಯಿ ಕೊಟ್ಟು ಕೊಳ್ಳುವ ನಾಣ್ಯ ಮತ್ತು ಹಣವನ್ನು ಪಣವಾಗಿಟ್ಟು ಆಡುವ ಆಟ ಇವು ಮೂರೂ ಬೇರೆ ಬೇರೆ. ಕರ್ನಾಟಕದಲ್ಲಿ 2021ರಲ್ಲಿಯೂ ಭಾರತದಲ್ಲಿ 2025ರಲ್ಲಿಯೂ ರೂಪುಗೊಂಡ ಕಾನೂನುಗಳನ್ನು ಅರಿಯಲು ಈ ವ್ಯತ್ಯಾಸವನ್ನು ತಿಳಿಯುವುದು ಅಗತ್ಯ.

ವಿಧಗಳು

ಆಟದೊಳಗಿನ ಹಣದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಗಳಿಸುವ ನಾಣ್ಯ: ಆಟ ಆಡುವುದರಿಂದಲೇ ದೊರೆಯುವ ನಾಣ್ಯವಿದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ತಾಮ್ರ, ಬೆಳ್ಳಿ ಮತ್ತು ಚಿನ್ನದ ನಾಣ್ಯಗಳು ಇದಕ್ಕೆ ಉದಾಹರಣೆ. ಅಲ್ಲಿ 100 ತಾಮ್ರಕ್ಕೆ 1 ಬೆಳ್ಳಿ, 100 ಬೆಳ್ಳಿಗೆ 1 ಚಿನ್ನ ಎಂಬ ಲೆಕ್ಕವಿದೆ. ಗೆನ್ಶಿನ್ ಇಂಪ್ಯಾಕ್ಟ್ ಆಟದ ಮೋರಾ ಇದೇ ವರ್ಗಕ್ಕೆ ಸೇರುತ್ತದೆ.

ಕೊಳ್ಳುವ ನಾಣ್ಯ: ನೈಜ ಹಣ ತೆತ್ತು ಪಡೆಯುವ ನಾಣ್ಯವಿದು. ಭಾರತದಲ್ಲಿ ಹೆಚ್ಚು ಪರಿಚಿತವಾದ ಉದಾಹರಣೆಗಳು ಪಾತ್ರಧಾರಿ ಆಟಗಳಿಗಿಂತ ಯುದ್ಧದ ಆಟಗಳಿಂದ ಬಂದಿವೆ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಆಟದಲ್ಲಿ ಆಡಿ ಗಳಿಸುವುದು ಬಿಪಿ, ಕೊಳ್ಳುವುದು ಯುಸಿ. ಫ್ರೀ ಫೈರ್ ಆಟದಲ್ಲಿ ಚಿನ್ನವನ್ನು ಆಡಿ ಗಳಿಸಿದರೆ ವಜ್ರವನ್ನು ಹಣ ಕೊಟ್ಟು ಕೊಳ್ಳಬೇಕು.

ಎರಡು ನಾಣ್ಯಗಳನ್ನು ಬೇರೆಯಾಗಿರಿಸುವುದಕ್ಕೆ ಕಾರಣವಿದೆ. ರೂಪಾಯಿಯನ್ನು ಮೊದಲು ವಜ್ರವಾಗಿಯೂ ಬಳಿಕ ವಜ್ರವನ್ನು ವಸ್ತುವಾಗಿಯೂ ಪರಿವರ್ತಿಸಿದಾಗ ವಸ್ತುವಿನ ನಿಜವಾದ ಬೆಲೆ ಆಟಗಾರನ ಕಣ್ಣಿಗೆ ನೇರವಾಗಿ ಕಾಣುವುದಿಲ್ಲ. ಕೊಳ್ಳುವ ನಾಣ್ಯವನ್ನು ಕಟ್ಟುಗಳಲ್ಲಿ ಮಾರುವುದರಿಂದ ಪ್ರತಿ ಖರೀದಿಯ ನಂತರ ಒಂದಿಷ್ಟು ನಾಣ್ಯ ಉಳಿದುಕೊಂಡು ಮುಂದಿನ ಖರೀದಿಗೆ ಪ್ರೇರಣೆಯಾಗುವುದೂ ಉಂಟು.

ಇತಿಹಾಸ

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ಬಳಿಕ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟವನ್ನು ಆನ್‌ಲೈನ್ ಪಾತ್ರಧಾರಿ ಆಟಗಳ ಮೂಲವೆಂದು ಪರಿಗಣಿಸಲಾಗುತ್ತದೆ. ಅದರಲ್ಲಿ ಚಿತ್ರಗಳಿರಲಿಲ್ಲ; ಎಲ್ಲವೂ ಅಕ್ಷರಗಳಲ್ಲೇ ನಡೆಯುತ್ತಿತ್ತು. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಹ್ಯಾಬಿಟ್ಯಾಟ್ ಆಟವು ಚಿತ್ರಗಳಿಂದ ಕೂಡಿದ ಲೋಕದಲ್ಲಿ ಟೋಕನ್ ಎಂಬ ನಾಣ್ಯವನ್ನು ಚಲಾವಣೆಗೆ ತಂದಿತು.

1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್, 2001ರ ರೂನ್‌ಸ್ಕೇಪ್, 2003ರ ಈವ್ ಆನ್‌ಲೈನ್ ಮತ್ತು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಳಲ್ಲಿ ಆಟದ ಅರ್ಥವ್ಯವಸ್ಥೆಯು ಪೂರ್ಣ ರೂಪ ತಾಳಿತು. ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ 2001ರಲ್ಲಿ ಎವರ್‌ಕ್ವೆಸ್ಟ್ ಆಟದ ಲೋಕವಾದ ನೋರಾತ್‌ನ ಆರ್ಥಿಕತೆಯನ್ನು ಕುರಿತು ಪ್ರಬಂಧವೊಂದನ್ನು ಬರೆದರು. ಆಟದ ವಸ್ತುಗಳು ಹೊರಗೆ ಮಾರಾಟವಾಗುತ್ತಿದ್ದ ದರವನ್ನು ಆಧರಿಸಿ, ಅಲ್ಲಿನ ಆಟಗಾರನ ಗಳಿಕೆ ಗಂಟೆಗೆ ಸುಮಾರು 3.42 ಡಾಲರ್‌ಗೆ ಸಮನೆಂದು ಅವರು ಅಂದಾಜಿಸಿದರು. ನೋರಾತ್‌ನ ತಲಾ ಉತ್ಪನ್ನವು ರಷ್ಯಾ ಮತ್ತು ಬಲ್ಗೇರಿಯಾಗಳ ನಡುವಿನ ಮಟ್ಟದಲ್ಲಿದೆ ಎಂಬ ಅವರ ನಿರ್ಣಯವು ವ್ಯಾಪಕ ಚರ್ಚೆಗೆ ಒಳಗಾಯಿತು. ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆಯು 2007ರಲ್ಲಿ ತನ್ನ ಈವ್ ಆನ್‌ಲೈನ್ ಆಟದ ಮಾರುಕಟ್ಟೆಯನ್ನು ಗಮನಿಸಲು ಒಬ್ಬ ಅರ್ಥಶಾಸ್ತ್ರಜ್ಞನನ್ನೇ ನೇಮಿಸಿಕೊಂಡಿತು.

ಮೊಬೈಲ್ ದೂರವಾಣಿಗಳು ವ್ಯಾಪಕವಾದ ಮೇಲೆ ಈ ಆಟಗಳು ಗಣಕಯಂತ್ರದಿಂದ ಅಂಗೈಗೆ ಬಂದವು. ಹಳೆಯ ಮಾದರಿಯ ರೂನ್‌ಸ್ಕೇಪ್ 2018ರಲ್ಲಿ ಮೊಬೈಲಿಗೆ ಬಂದಿತು. 2020ರ ಗೆನ್ಶಿನ್ ಇಂಪ್ಯಾಕ್ಟ್ ಮೊದಲಿನಿಂದಲೇ ಮೊಬೈಲಿನಲ್ಲಿಯೂ ಲಭ್ಯವಿತ್ತು.

ಗಳಿಕೆಯ ಮಾರ್ಗಗಳು

ಬಹುತೇಕ ಪಾತ್ರಧಾರಿ ಆಟಗಳಲ್ಲಿ ನಾಣ್ಯ ಗಳಿಸಲು ಕೆಳಗಿನ ಮಾರ್ಗಗಳಿರುತ್ತವೆ.

ಕಾರ್ಯಗಳು: ಆಟದೊಳಗಿನ ಪಾತ್ರವೊಂದು ಒಪ್ಪಿಸಿದ ಕೆಲಸವನ್ನು ಪೂರೈಸಿದರೆ ನಿಗದಿತ ಬಹುಮಾನ ದೊರೆಯುತ್ತದೆ. ದಿನಕ್ಕೊಮ್ಮೆ ಮಾತ್ರ ಮಾಡಬಹುದಾದ ನಿತ್ಯಕಾರ್ಯಗಳು ಹೊಸಬರಿಗೆ ಸ್ಥಿರವಾದ ಆದಾಯ ನೀಡುತ್ತವೆ.

ಬೇಟೆ: ರಾಕ್ಷಸರನ್ನೋ ಮೃಗಗಳನ್ನೋ ಸೋಲಿಸಿದಾಗ ನಾಣ್ಯ ಮತ್ತು ವಸ್ತುಗಳು ಉದುರುತ್ತವೆ. ಬೆಲೆಬಾಳುವ ವಸ್ತು ಸಿಗುವುದು ಅದೃಷ್ಟವನ್ನು ಅವಲಂಬಿಸಿರುವುದರಿಂದ ಈ ಆದಾಯ ಒಂದೇ ಸಮನಾಗಿರುವುದಿಲ್ಲ.

ಸಂಗ್ರಹಣೆ: ಅದಿರು ಅಗೆಯುವುದು, ಮೀನು ಹಿಡಿಯುವುದು, ಕಟ್ಟಿಗೆ ಕಡಿಯುವುದು, ಗಿಡಮೂಲಿಕೆ ಕೀಳುವುದು ಈ ಗುಂಪಿಗೆ ಸೇರುತ್ತವೆ. ಇದಕ್ಕೆ ಬಂಡವಾಳ ಕಡಿಮೆ, ಸಮಯ ಹೆಚ್ಚು ಬೇಕು.

ತಯಾರಿಕೆ: ಸಂಗ್ರಹಿಸಿದ ಕಚ್ಚಾವಸ್ತುವಿನಿಂದ ಆಯುಧ, ಔಷಧ, ಅಡುಗೆ ಮುಂತಾದವನ್ನು ತಯಾರಿಸಿ ಮಾರುವುದು. ಕುಶಲತೆಯ ಮಟ್ಟವನ್ನು ಏರಿಸಿಕೊಳ್ಳಲು ಆರಂಭದಲ್ಲಿ ವೆಚ್ಚ ತಗಲುತ್ತದೆ.

ವ್ಯಾಪಾರ: ಅಗ್ಗವಾದಾಗ ಕೊಂಡು ದುಬಾರಿಯಾದಾಗ ಮಾರುವುದು, ಅಥವಾ ಒಂದು ಊರಿನಲ್ಲಿ ಕೊಂಡು ಇನ್ನೊಂದು ಊರಿಗೆ ಸಾಗಿಸಿ ಮಾರುವುದು. ಈವ್ ಆನ್‌ಲೈನ್ ಮತ್ತು ಆಲ್ಬಿಯನ್ ಆನ್‌ಲೈನ್ ಆಟಗಳಲ್ಲಿ ಸರಕು ದಾರಿಯಲ್ಲಿ ದರೋಡೆಯಾಗುವ ಅಪಾಯವೂ ಇದೆ.

ಸೇವೆ: ಬಲಿಷ್ಠ ಆಟಗಾರರು ಹೊಸಬರನ್ನು ಕಠಿಣ ಘಟ್ಟಗಳಲ್ಲಿ ದಾಟಿಸಿ ಪ್ರತಿಫಲ ಪಡೆಯುವುದು.

ಇವುಗಳಲ್ಲಿ ಮೊದಲೆರಡು ಮಾರ್ಗಗಳಲ್ಲಿ ಆಟದ ಗಣಕವು ಹೊಸ ನಾಣ್ಯವನ್ನು ಸೃಷ್ಟಿಸಿ ಕೊಡುತ್ತದೆ. ಉಳಿದವುಗಳಲ್ಲಿ ಸಾಮಾನ್ಯವಾಗಿ ಒಬ್ಬ ಆಟಗಾರನ ಚೀಲದಲ್ಲಿದ್ದ ನಾಣ್ಯ ಮತ್ತೊಬ್ಬನ ಚೀಲಕ್ಕೆ ಹೋಗುತ್ತದೆಯೇ ಹೊರತು ಲೋಕದಲ್ಲಿರುವ ಒಟ್ಟು ನಾಣ್ಯ ಹೆಚ್ಚುವುದಿಲ್ಲ. ಸಂಗ್ರಹಿಸಿದ ಅಥವಾ ತಯಾರಿಸಿದ ಸರಕನ್ನು ಮತ್ತೊಬ್ಬ ಆಟಗಾರನಿಗಲ್ಲದೆ ಆಟದ ಗಣಕವೇ ನಡೆಸುವ ಅಂಗಡಿಗೆ ಮಾರಿದಾಗ ಮಾತ್ರ ಅಲ್ಲಿಯೂ ಹೊಸ ನಾಣ್ಯ ಹುಟ್ಟುತ್ತದೆ.

ನಿವ್ವಳ ಗಳಿಕೆ

ಆಟಗಾರರು ಒಂದು ಮಾರ್ಗದ ಲಾಭವನ್ನು ಗಂಟೆಗೆ ಇಷ್ಟು ನಾಣ್ಯ ಎಂದು ಅಳೆಯುವುದು ರೂಢಿ. ಆದರೆ ಒಟ್ಟು ಗಳಿಕೆಗಿಂತ ನಿವ್ವಳ ಗಳಿಕೆ ಮುಖ್ಯ. ಲೆಕ್ಕಕ್ಕಾಗಿ, ಬೇಟೆಗಾರನೊಬ್ಬನಿಗೆ ಗಂಟೆಗೆ 5,000 ನಾಣ್ಯ ಬರುತ್ತದೆಂದು ಭಾವಿಸೋಣ. ಆಯುಧದ ದುರಸ್ತಿಗೆ 600, ಔಷಧಕ್ಕೆ 1,400 ಖರ್ಚಾದರೆ ಉಳಿಯುವುದು 3,000 ಮಾತ್ರ. ಗಿಡಮೂಲಿಕೆ ಕಿತ್ತವನ ಸರಕು 4,000ಕ್ಕೆ ಹೋಗಿ, ಶೇಕಡ 5ರ ಸುಂಕವಾಗಿ 200 ಕಳೆದರೆ ಅವನಿಗೆ ಉಳಿಯುವುದು 3,800. ನೋಟಕ್ಕೆ ಚಿಕ್ಕದಾಗಿ ಕಂಡ ಕೆಲಸವೇ ಇಲ್ಲಿ ಹೆಚ್ಚು ಲಾಭದಾಯಕವಾಗಿದೆ.

ವ್ಯಾಪಾರದಲ್ಲಿಯೂ ಇದೇ ಎಚ್ಚರಿಕೆ ಬೇಕು. 90ಕ್ಕೆ ಕೊಂಡ ವಸ್ತುವನ್ನು 100ಕ್ಕೆ ಮಾರಿದರೆ ಸುಂಕ ಕಳೆದು 95 ಕೈಸೇರುತ್ತದೆ, ಲಾಭ 5. ಅದನ್ನೇ 96ಕ್ಕೆ ಕೊಂಡು 100ಕ್ಕೆ ಮಾರಿದವನಿಗೆ 1 ನಾಣ್ಯ ನಷ್ಟ. ಸುಂಕವನ್ನು ಗಮನಿಸದೆ ವ್ಯಾಪಾರಕ್ಕಿಳಿದವರು ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಾರೆ.

ಒಳಹರಿವು ಮತ್ತು ಹೊರಹರಿವು

ಕರ್ನಾಟಕದ ಹಳ್ಳಿಗಳ ಸಾಂಪ್ರದಾಯಿಕ ಆಟವಾದ ಅಳಗುಳಿಮಣೆಯಲ್ಲಿ ಹದಿನಾಲ್ಕು ಗುಳಿಗಳಿರುತ್ತವೆ. ಗುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ ಒಟ್ಟು 70 ಬೀಜಗಳಾಗುತ್ತವೆ. ಆಟ ಎಷ್ಟು ಹೊತ್ತು ನಡೆದರೂ ಬೀಜಗಳು 70ಕ್ಕಿಂತ ಹೆಚ್ಚಾಗುವುದಿಲ್ಲ. ಒಬ್ಬರ ಗಳಿಕೆ ಎಂದರೆ ಇನ್ನೊಬ್ಬರ ನಷ್ಟ. ಆನ್‌ಲೈನ್ ಪಾತ್ರಧಾರಿ ಆಟದ ಸ್ವರೂಪ ಹೀಗಿಲ್ಲ. ಅಲ್ಲಿ ಪ್ರತಿ ಕ್ಷಣವೂ ಹೊಸ ನಾಣ್ಯ ಹುಟ್ಟುತ್ತಿರುತ್ತದೆ. ಹುಟ್ಟಿದ ನಾಣ್ಯ ಎಲ್ಲಿಯಾದರೂ ಸಾಯದಿದ್ದರೆ ಅದರ ಬೆಲೆ ಕುಸಿಯುತ್ತದೆ.

ನವಲಗುಂದ, ಅಣ್ಣಿಗೇರಿ ಭಾಗದ ಎರೆ ಹೊಲಗಳಲ್ಲಿ ತೋಡಿದ ಕೃಷಿ ಹೊಂಡದ ಹೋಲಿಕೆಯಿಂದ ಇದನ್ನು ತಿಳಿಯಬಹುದು. ಮಳೆಯ ನೀರು ಹರಿದು ಬಂದಂತೆ ಹೊಂಡ ತುಂಬುತ್ತದೆ. ಬೆಳೆಗೆ ನೀರೆತ್ತಿದಂತೆ ಇಳಿಯುತ್ತದೆ. ಒಳಹರಿವು ಹೊರಹರಿವುಗಳು ಸಮತೂಕದಲ್ಲಿದ್ದರೆ ಮಟ್ಟ ನಿಲ್ಲುತ್ತದೆ. ಆಟದಲ್ಲಿ ಕಾರ್ಯಗಳ ಬಹುಮಾನ, ಬೇಟೆಯ ನಾಣ್ಯ, ಗಣಕದ ಅಂಗಡಿಗೆ ಮಾಡಿದ ಮಾರಾಟ ಇವು ಒಳಹರಿವು. ದುರಸ್ತಿ ವೆಚ್ಚ, ಪ್ರಯಾಣದ ಶುಲ್ಕ, ಮನೆಯ ಬಾಡಿಗೆ, ತರಬೇತಿ ಶುಲ್ಕ, ಹರಾಜಿನ ಸುಂಕ ಇವು ಹೊರಹರಿವು. ದುರಸ್ತಿಯ ಖರ್ಚು ಮತ್ತು ಸುಂಕಗಳು ಆಟಗಾರರಿಗೆ ಕಿರಿಕಿರಿ ಎನಿಸಿದರೂ ಅವರು ಗಳಿಸಿದ ನಾಣ್ಯದ ಬೆಲೆಯನ್ನು ಕಾಯುವುದು ಅವೇ. ಹಳೆಯ ಮಾದರಿಯ ರೂನ್‌ಸ್ಕೇಪ್ ಆಟವು 2021ರ ಡಿಸೆಂಬರಿನಲ್ಲಿ ತನ್ನ ಮಾರುಕಟ್ಟೆಯ ಮಾರಾಟಗಳ ಮೇಲೆ ಶೇಕಡ 1ರ ಸುಂಕವನ್ನು ಹೇರಿದ್ದು ಇದೇ ಉದ್ದೇಶದಿಂದ.

ಒಳಹರಿವು ಅಂಕೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಹ್ಯಾಬಿಟ್ಯಾಟ್ ಆಟದ ಪ್ರಸಂಗ ಪ್ರಸಿದ್ಧವಾಗಿದೆ. ಅಲ್ಲಿ ಪ್ರತಿದಿನ ಪ್ರವೇಶಿಸಿದವರಿಗೆ 100 ಟೋಕನ್ ಸಿಗುತ್ತಿತ್ತು. ಊರಿನ ಒಂದು ಯಂತ್ರವು ಗೊಂಬೆಯನ್ನು 75 ಟೋಕನ್‌ಗೆ ಮಾರುತ್ತಿದ್ದರೆ, ಮತ್ತೊಂದು ತುದಿಯ ಗಿರವಿ ಯಂತ್ರವು ಅದೇ ಗೊಂಬೆಯನ್ನು 100 ಟೋಕನ್‌ಗೆ ಕೊಳ್ಳುತ್ತಿತ್ತು. 18,000ಕ್ಕೆ ದೊರೆಯುತ್ತಿದ್ದ ಸ್ಫಟಿಕದ ಗೋಳಕ್ಕೆ ಗಿರವಿ ಯಂತ್ರದಲ್ಲಿ 30,000 ಬರುತ್ತಿತ್ತು. ಇದನ್ನು ಕಂಡುಕೊಂಡ ಕೆಲವು ಆಟಗಾರರು ಮೊದಲು ಗೊಂಬೆಗಳನ್ನೂ ಬಳಿಕ ಗೋಳಗಳನ್ನೂ ರಾತ್ರಿಯಿಡೀ ಹೊತ್ತು ಮಾರಿದರು. ಬೆಳಗಾಗುವಷ್ಟರಲ್ಲಿ ಆ ಲೋಕದ ಒಟ್ಟು ಹಣ ಐದು ಪಟ್ಟಾಗಿತ್ತು. ಆಟಗಾರರು ಮೋಸ ಮಾಡಿರಲಿಲ್ಲ. ಬೆಲೆ ನಿಗದಿಪಡಿಸಿದವರ ತಪ್ಪನ್ನು ಬಳಸಿಕೊಂಡಿದ್ದರು, ಅಷ್ಟೇ.

ಹರಾಜು ಕಟ್ಟೆ

ಅನೇಕ ಆಟಗಳಲ್ಲಿ ಆಟಗಾರರು ಪರಸ್ಪರ ಮಾರಾಟ ಮಾಡಲು ಒಂದು ಸಾಮಾನ್ಯ ಮಾರುಕಟ್ಟೆಯಿರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಇದು ಹರಾಜು ಮನೆ. ಮಾರಾಟದ ಮೊತ್ತದಲ್ಲಿ ಶೇಕಡ 5ನ್ನು ಅದು ಕಡಿದುಕೊಳ್ಳುತ್ತದೆ. ರೂನ್‌ಸ್ಕೇಪ್‌ನಲ್ಲಿ 2007ರಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ ಮಾರುಕಟ್ಟೆ ಆರಂಭವಾಯಿತು. ಅಲ್ಲಿ ಮಾರುವವನೂ ಕೊಳ್ಳುವವನೂ ತಮ್ಮ ದರವನ್ನು ನಮೂದಿಸುತ್ತಾರೆ. ದರ ಹೊಂದಿದಾಗ ಗಣಕವೇ ವ್ಯವಹಾರವನ್ನು ಮುಗಿಸುತ್ತದೆ.

ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ 2014ರಿಂದ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಆನ್‌ಲೈನ್ ಟೆಂಡರಿಗೂ ಇದಕ್ಕೂ ಹೋಲಿಕೆಯಿದೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಂಥಲ್ಲಿ ರೈತನು ತಂದ ಮಾಲಿಗೆ ಲಾಟ್ ಸಂಖ್ಯೆ ದೊರೆಯುತ್ತದೆ. ವ್ಯಾಪಾರಿಗಳು ಗಣಕದ ಮೂಲಕ ದರ ನಮೂದಿಸುತ್ತಾರೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮುಂಗಾರು ಹೆಸರು ಒಮ್ಮೆಲೇ ಮಾರುಕಟ್ಟೆಗೆ ಬಂದಾಗ ದರ ಇಳಿಯುವಂತೆ, ರಜಾದಿನಗಳಲ್ಲಿ ಎಲ್ಲರೂ ಒಂದೇ ಗಿಡಮೂಲಿಕೆಯನ್ನು ಕಿತ್ತು ತಂದಾಗ ಆಟದಲ್ಲಿಯೂ ದರ ಇಳಿಯುತ್ತದೆ. ಆಟಕ್ಕೆ ಹೊಸ ಭಾಗ ಸೇರ್ಪಡೆಯಾಗುವ ಮುನ್ನ ಕಚ್ಚಾವಸ್ತುಗಳ ದರ ಏರುವುದುಂಟು. ವ್ಯತ್ಯಾಸವೂ ಇಲ್ಲದಿಲ್ಲ. ಆಟದ ಗಿಡಮೂಲಿಕೆ ಕೆಡುವುದಿಲ್ಲ, ಕೂಡಿಡಲು ಗೋದಾಮಿನ ಬಾಡಿಗೆಯಿಲ್ಲ, ಮಳೆ ಬಾರದೆ ಹೋಗುವ ಭಯವಿಲ್ಲ. ಆದರೆ ಒಂದು ರಾತ್ರಿಯ ನಿಯಮ ಬದಲಾವಣೆಯಿಂದ ಕೂಡಿಟ್ಟ ಸರಕಿನ ಬೆಲೆ ಮಣ್ಣುಪಾಲಾಗಬಹುದು. ಅದಕ್ಕೆ ಬೆಂಬಲ ಬೆಲೆಯೂ ಇಲ್ಲ, ಬೆಳೆವಿಮೆಯೂ ಇಲ್ಲ.

ನೈಜ ಹಣದೊಂದಿಗಿನ ಸಂಬಂಧ

ಆಟದ ನಾಣ್ಯವನ್ನು ಆಟದ ಹೊರಗೆ ನೈಜ ಹಣಕ್ಕೆ ಮಾರುವುದನ್ನು ಬಹುತೇಕ ಆಟಗಳ ನಿಯಮಾವಳಿಗಳು ನಿಷೇಧಿಸುತ್ತವೆ. ಆದರೂ ಇಂಥ ಕಾಳಸಂತೆ ಬೆಳೆದಿದೆ. ಮಾರಾಟಕ್ಕೆಂದೇ ದಿನವಿಡೀ ಆಡಿ ನಾಣ್ಯ ಕೂಡಿಸುವ ಕೆಲಸಕ್ಕೆ ಚಿನ್ನದ ಬೇಸಾಯ ಎಂಬ ಅರ್ಥದ ಹೆಸರು ಬಿದ್ದಿದೆ. 2000ದ ದಶಕದಲ್ಲಿ ಚೀನಾದಲ್ಲಿ ಇದಕ್ಕಾಗಿಯೇ ಕೂಲಿಗೆ ಜನರನ್ನಿಟ್ಟು ಪಾಳಿಗಳಲ್ಲಿ ದುಡಿಸಲಾಗುತ್ತಿತ್ತು. ಅಲ್ಲಿನ ಸರ್ಕಾರವು 2009ರಲ್ಲಿ ಕಾಲ್ಪನಿಕ ನಾಣ್ಯದಿಂದ ನೈಜ ಸರಕುಗಳನ್ನು ಕೊಳ್ಳುವುದನ್ನು ನಿಷೇಧಿಸಿತು. ವೆನೆಜುವೆಲಾದ ಹಣ ತೀವ್ರವಾಗಿ ಅಪಮೌಲ್ಯಗೊಂಡಾಗ, 2017ರ ಸುಮಾರಿಗೆ, ಅಲ್ಲಿನ ಅನೇಕರು ರೂನ್‌ಸ್ಕೇಪ್‌ನಲ್ಲಿ ಡ್ರ್ಯಾಗನ್‌ಗಳನ್ನು ಕೊಂದು ಗಳಿಸಿದ ಚಿನ್ನವನ್ನು ಮಾರಿ ದಿನದ ಖರ್ಚು ನೀಗಿಸಿಕೊಂಡರು. ಸ್ವದೇಶದ ನೋಟಿಗಿಂತ ಆಟದ ಚಿನ್ನವೇ ಸ್ಥಿರವಾಗಿತ್ತು.

ಆಟದ ಸಂಸ್ಥೆಗಳು ಈ ಕಾಳಸಂತೆಯನ್ನು ಹಲವು ಬಗೆಯಲ್ಲಿ ಎದುರಿಸಿವೆ. ರೂನ್‌ಸ್ಕೇಪ್ 2007ರ ಡಿಸೆಂಬರಿನಲ್ಲಿ ಅಸಮಾನ ಮೌಲ್ಯದ ವಿನಿಮಯವನ್ನೇ ನಿರ್ಬಂಧಿಸಿತು. ಆಟಗಾರರ ಅಸಮಾಧಾನದ ನಂತರ 2011ರ ಫೆಬ್ರುವರಿಯಲ್ಲಿ ಮುಕ್ತ ವ್ಯಾಪಾರವನ್ನು ಮರಳಿ ತಂದಿತು. ಡಯಾಬ್ಲೊ 3 ಆಟವು 2012ರಲ್ಲಿ ನೈಜ ಹಣದ ಹರಾಜು ಮನೆಯನ್ನು ತಾನೇ ತೆರೆಯಿತು. ವಸ್ತುಗಳನ್ನು ಆಡಿ ಪಡೆಯುವ ಸಂತೋಷವೇ ಇಲ್ಲವಾಯಿತೆಂಬ ಟೀಕೆಯ ಬಳಿಕ 2014ರ ಮಾರ್ಚ್ 18ರಂದು ಅದನ್ನು ಮುಚ್ಚಲಾಯಿತು. 2015ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಟೋಕನ್ ಮಧ್ಯಮ ಮಾರ್ಗವಾಗಿದೆ. ಒಬ್ಬನು ಹಣ ಕೊಟ್ಟು ಟೋಕನ್ ಕೊಂಡು ಅದನ್ನು ಆಟದ ಚಿನ್ನಕ್ಕೆ ಮಾರುತ್ತಾನೆ. ಚಿನ್ನ ಕೊಟ್ಟು ಕೊಂಡವನಿಗೆ 30 ದಿನಗಳ ಆಟದ ಅವಧಿ ದೊರೆಯುತ್ತದೆ. ಹೀಗೆ ಆಡಿ ಗಳಿಸಿದವನು ಚಂದಾ ಉಳಿಸಬಹುದು, ಆದರೆ ಚಿನ್ನವನ್ನು ನೋಟಾಗಿ ಪಡೆಯಲಾರ.

ಆಡುತ್ತ ಗಳಿಸಿ ಎಂಬ ಘೋಷಣೆಯೊಂದಿಗೆ ಬಂದ ಆಟಗಳಲ್ಲಿ ವಿಯೆಟ್ನಾಂ ಮೂಲದ ಸಂಸ್ಥೆಯ ಆಕ್ಸಿ ಇನ್ಫಿನಿಟಿ ಪ್ರಮುಖವಾದುದು. ಅದರ ಎಸ್‌ಎಲ್‌ಪಿ ಎಂಬ ಟೋಕನನ್ನು ಹಣಕ್ಕೆ ಮಾರಬಹುದಾಗಿತ್ತು. 2021ರಲ್ಲಿ ಫಿಲಿಪೀನ್ಸ್‌ನ ಅನೇಕರು ಇದನ್ನೇ ಜೀವನೋಪಾಯವಾಗಿ ನೆಚ್ಚಿಕೊಂಡರು. ಹುಟ್ಟುವ ಟೋಕನ್ ಹೆಚ್ಚು, ವೆಚ್ಚವಾಗುವುದು ಕಡಿಮೆಯಾದ್ದರಿಂದ ಅದರ ಬೆಲೆ ಕುಸಿಯಿತು. 2022ರಲ್ಲಿ ಒಂದು ಸೆಂಟಿಗಿಂತಲೂ ಕೆಳಗಿಳಿಯಿತು. ಆ ವರ್ಷದ ಮಾರ್ಚ್‌ನಲ್ಲಿ ಆಟಕ್ಕೆ ಸಂಬಂಧಿಸಿದ ರೋನಿನ್ ಜಾಲದಿಂದ 60 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ನಾಣ್ಯ ಕಳವಾಯಿತು. ಪ್ರಾಣಿಗಳನ್ನು ಸಾಲ ಮಾಡಿ ಕೊಂಡು ಆಟಕ್ಕಿಳಿದವರಿಗೆ ನಷ್ಟವೇ ಉಳಿಯಿತು.

ಇಂಥ ಗಳಿಕೆಯನ್ನು ಕೂಲಿಯೊಂದಿಗೆ ಹೋಲಿಸುವ ಕ್ರಮ ಸರಳವಾಗಿದೆ. ಗಂಟೆಗೆ ನಿವ್ವಳ 3,000 ನಾಣ್ಯದಂತೆ 8 ಗಂಟೆಗೆ 24,000 ನಾಣ್ಯವಾಯಿತೆನ್ನೋಣ. ಹೊರಗಿನ ದರ ಲಕ್ಷ ನಾಣ್ಯಕ್ಕೆ 200 ರೂಪಾಯಿ ಎಂದು ಹಿಡಿದರೆ ಇಡೀ ದಿನದ ದುಡಿಮೆ 48 ರೂಪಾಯಿ ಆಗುತ್ತದೆ. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಆಟದ ಅಂಕಿಗಳು ಇಲ್ಲಿ ಕಲ್ಪಿತವಾದರೂ ಕ್ರಮ ಎಲ್ಲ ಆಟಗಳಿಗೂ ಅನ್ವಯಿಸುತ್ತದೆ. ನಿಯಮ ಮೀರಿ ಮಾರಿದವರ ಖಾತೆಯನ್ನು ಸಂಸ್ಥೆಯು ಶಾಶ್ವತವಾಗಿ ಮುಚ್ಚಬಹುದೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಒಡೆತನ

ಆಟದ ಖಾತೆ ತೆರೆಯುವಾಗ ಆಟಗಾರನು ಒಪ್ಪಿಕೊಳ್ಳುವ ಕರಾರಿನಲ್ಲಿ, ನಾಣ್ಯ ಮತ್ತು ವಸ್ತುಗಳು ಸಂಸ್ಥೆಗೆ ಸೇರಿದವು, ಆಟಗಾರನಿಗೆ ಬಳಕೆಯ ಅನುಮತಿ ಮಾತ್ರವಿದೆ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಆದರೂ ಆಟಗಾರರ ನಡುವಣ ವ್ಯಾಜ್ಯಗಳಲ್ಲಿ ನ್ಯಾಯಾಲಯಗಳು ಇವಕ್ಕೆ ಬೆಲೆ ಕೊಟ್ಟದ್ದುಂಟು. ನೆದರ್ಲೆಂಡ್ಸ್‌ನಲ್ಲಿ ಇಬ್ಬರು ಹುಡುಗರು ಮತ್ತೊಬ್ಬ ಬಾಲಕನನ್ನು ಹೊಡೆದು ಬೆದರಿಸಿ, ರೂನ್‌ಸ್ಕೇಪ್ ಆಟದ ಒಂದು ತಾಯತ ಮತ್ತು ಒಂದು ಮುಖವಾಡವನ್ನು ತಮ್ಮ ಖಾತೆಗೆ ವರ್ಗಾಯಿಸಿಕೊಂಡಿದ್ದರು. ಅವು ಸಮಯ ಮತ್ತು ಶ್ರಮದಿಂದ ಗಳಿಸಿದ, ಬೆಲೆಯುಳ್ಳ ವಸ್ತುಗಳಾದ್ದರಿಂದ ಇದು ಕಳ್ಳತನವೇ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿ 31ರಂದು ತೀರ್ಪಿತ್ತಿತು.

ಆಟವೇ ಮುಚ್ಚಿಹೋದಾಗ ಒಡೆತನದ ಪ್ರಶ್ನೆ ತೀಕ್ಷ್ಣವಾಗುತ್ತದೆ. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಂಬ ಪಾತ್ರಧಾರಿ ಆಟವು 2011ರ ಡಿಸೆಂಬರ್ 15ರಂದು ನಿಂತಾಗ ಅದರ ಲೋಕದಲ್ಲಿದ್ದ ಮನೆ, ಅಂಗಡಿ, ನಾಣ್ಯಗಳೆಲ್ಲ ಅಳಿದವು. ಹೊಲ ಉತ್ತು ಬಿತ್ತುವ ಫಾರ್ಮ್‌ವಿಲ್ ಆಟವು 2009ರಿಂದ ಹನ್ನೊಂದು ವರ್ಷ ನಡೆದು 2020ರ ಡಿಸೆಂಬರ್ 31ರಂದು ಮುಕ್ತಾಯವಾಯಿತು.

ಕರ್ನಾಟಕ ಮತ್ತು ಭಾರತದಲ್ಲಿ

ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದೇ ಅಕ್ಟೋಬರ್ 30ರಂದು ಭಾರತದ ಬಳಕೆದಾರರಿಗೆ ಆಟದ ಸೇವೆ ನಿಂತಿತು. 2021ರ ಜುಲೈ 2ರಂದು ಬಿಜಿಎಂಐ ಎಂಬ ಹೆಸರಿನಲ್ಲಿ ಆಟ ಮರಳಿತು. ಹಳೆಯ ಖಾತೆಯಲ್ಲಿದ್ದುದನ್ನು ವರ್ಗಾಯಿಸಿಕೊಳ್ಳಲು ನಿಗದಿತ ಅವಧಿಯವರೆಗೆ ಅವಕಾಶ ನೀಡಲಾಯಿತು. 2022ರ ಜುಲೈ 28ರಂದು ಅದನ್ನೂ ಆ್ಯಪ್ ಅಂಗಡಿಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಿತು. ಕೊಂಡಿಟ್ಟ ನಾಣ್ಯದ ಆಯುಷ್ಯವು ಆಟಗಾರನ ಕೈಯಲ್ಲಿಲ್ಲ ಎಂಬುದನ್ನು ಈ ಘಟನಾವಳಿ ತೋರಿಸಿತು.

ಕರ್ನಾಟಕ ಸರ್ಕಾರವು 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂದಿತು. ಜೂಜಿನ ವ್ಯಾಖ್ಯೆಯನ್ನು ಆನ್‌ಲೈನ್ ಆಟಗಳಿಗೆ ವಿಸ್ತರಿಸಿ, ಹಣದ ಮೌಲ್ಯವುಳ್ಳ ಟೋಕನ್ ಮತ್ತು ಕಾಲ್ಪನಿಕ ನಾಣ್ಯದ ರೂಪದ ಪಣವನ್ನೂ ಅದರಲ್ಲಿ ಸೇರಿಸಲಾಗಿತ್ತು. ಈ ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠವು 2022ರ ಫೆಬ್ರುವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ವ್ಯತ್ಯಾಸವಿದೆ, ಕೌಶಲದ ಆಟವನ್ನು ಜೂಜೆಂದು ಪೂರ್ಣವಾಗಿ ನಿಷೇಧಿಸಲಾಗದು ಎಂಬುದು ತೀರ್ಪಿನ ಸಾರ.

2023ರ ಅಕ್ಟೋಬರ್ 1ರಿಂದ ಹಣದ ಪಣವುಳ್ಳ ಆನ್‌ಲೈನ್ ಆಟಗಳಲ್ಲಿ ತೊಡಗಿಸುವ ಮೊತ್ತದ ಮೇಲೆ ಶೇಕಡ 28ರ ಜಿಎಸ್‌ಟಿ ಜಾರಿಯಾಯಿತು. ಬಳಿಕ ಸಂಸತ್ತು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಾಯ್ದೆಯು ಆಟಗಳನ್ನು ಇ-ಕ್ರೀಡೆ, ಸಾಮಾಜಿಕ ಆಟ ಮತ್ತು ಹಣದ ಆಟ ಎಂದು ಮೂರಾಗಿ ವಿಂಗಡಿಸುತ್ತದೆ. ಹಣ ಅಥವಾ ಇತರ ಪಣವನ್ನು ಒಡ್ಡಿ, ಪ್ರತಿಯಾಗಿ ಹಣ ಅಥವಾ ಇತರ ಲಾಭ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟವು, ಇ-ಕ್ರೀಡೆಯನ್ನು ಹೊರತುಪಡಿಸಿ, ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ ಹಣದ ಆಟವೇ ಆಗುತ್ತದೆ. ಹಣ ಕೊಟ್ಟು ಕೊಂಡ ಕ್ರೆಡಿಟ್, ನಾಣ್ಯ, ಟೋಕನ್ ಮತ್ತು ವಸ್ತುಗಳೂ ಪಣದ ವ್ಯಾಖ್ಯೆಯೊಳಗೆ ಬರುತ್ತವೆ. ಹಣದ ಆಟವನ್ನು ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಜಾಹೀರಾತು ನೀಡುವವರಿಗೆ ಈ ಮಿತಿ 2 ವರ್ಷ ಮತ್ತು 50 ಲಕ್ಷ ರೂಪಾಯಿ. ಕೇವಲ ಆಡಿದವರಿಗೆ ಶಿಕ್ಷೆಯಿಲ್ಲ. ಮನರಂಜನೆಗಾಗಿಯೇ ಇರುವ, ಚಂದಾ ಅಥವಾ ಪ್ರವೇಶ ಶುಲ್ಕ ಮಾತ್ರ ಪಡೆಯುವ ಆಟಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ಆದ್ದರಿಂದ ಕಾಡಿನಲ್ಲಿ ಬೇಟೆಯಾಡಿ ಆಟದ ಚಿನ್ನ ಗಳಿಸುವುದೂ, ರೂಪಾಯಿಯಿಂದ ಕೊಂಡ ನಾಣ್ಯವನ್ನು ಪಣಕ್ಕಿಟ್ಟು ಹಣ ಗೆಲ್ಲಲು ಯತ್ನಿಸುವುದೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಅಲ್ಲ.

ಅಪಾಯಗಳು ಮತ್ತು ಎಚ್ಚರಿಕೆ

ಅದೃಷ್ಟದ ಪೆಟ್ಟಿಗೆಗಳು: ಕೊಂಡ ನಾಣ್ಯದಿಂದ ತೆರೆಯುವ ಪೆಟ್ಟಿಗೆಯಲ್ಲಿ ಯಾವ ವಸ್ತು ಬರುತ್ತದೆಂಬುದು ಮೊದಲೇ ತಿಳಿಯುವುದಿಲ್ಲ. ಬೆಲ್ಜಿಯಂನ ಜೂಜು ಆಯೋಗವು 2018ರಲ್ಲಿ ಕೆಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದು ನಿರ್ಣಯಿಸಿತು.

ವಂಚನೆ: ಉಚಿತವಾಗಿ ಯುಸಿ ಅಥವಾ ವಜ್ರ ನೀಡುವುದಾಗಿ ನಂಬಿಸಿ ಖಾತೆಯ ಗುಪ್ತಪದವನ್ನೋ ಒಟಿಪಿಯನ್ನೋ ಕೇಳುವುದು ಸಾಮಾನ್ಯ ತಂತ್ರ. ಆಟದ ನಾಣ್ಯವು ಸಂಸ್ಥೆಯ ಗಣಕದಲ್ಲಿ ಮಾತ್ರ ಹುಟ್ಟುವುದರಿಂದ, ಹೊರಗಿನ ಯಾವ ಆ್ಯಪ್ ಕೂಡ ಅದನ್ನು ತಯಾರಿಸಿ ಕೊಡಲಾರದು. ನಾಣ್ಯ ಮಾರುವ ಅಪರಿಚಿತರಿಗೆ ಯುಪಿಐ ಮೂಲಕ ಹಣ ಕಳಿಸಿ ಏನನ್ನೂ ಪಡೆಯದೆ ಹೋದವರಿಗೆ, ನಿಷೇಧಿತ ವ್ಯವಹಾರವಾದ್ದರಿಂದ, ಆಟದ ಸಂಸ್ಥೆಯ ನೆರವು ಸಿಗುವುದು ಕಷ್ಟ. ಆನ್‌ಲೈನ್ ಹಣಕಾಸು ವಂಚನೆಯ ದೂರಿಗೆ ರಾಷ್ಟ್ರೀಯ ಸಹಾಯವಾಣಿ 1930 ಲಭ್ಯವಿದೆ.

ಮಕ್ಕಳು: ಕುಂದಗೋಳ, ಕಲಘಟಗಿಯಂಥ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸುವುದುಂಟು. ಮಗು ಆಡುವ ಮೊಬೈಲಿನಲ್ಲಿಯೇ ಹೆತ್ತವರ ಬ್ಯಾಂಕ್ ಖಾತೆಯೂ ಇರುವುದರಿಂದ, ಆಟದ ನಾಣ್ಯಕ್ಕೆಂದು ಬೀಜ ಗೊಬ್ಬರದ ಹಣವೇ ಖರ್ಚಾಗುವ ಸಂಭವವಿರುತ್ತದೆ. ಆ್ಯಪ್ ಅಂಗಡಿಯಲ್ಲಿ ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ನಿಗದಿಪಡಿಸುವುದು, ಯುಪಿಐ ಪಿನ್ನನ್ನು ಮಕ್ಕಳಿಗೆ ತಿಳಿಸದಿರುವುದು ಸರಳ ರಕ್ಷಣೆಗಳು. ಭಾರತೀಯ ಕರಾರು ಕಾಯ್ದೆಯಡಿ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ.

ಆಟದ ನಾಣ್ಯ ಗಳಿಸುವ ಅಭ್ಯಾಸದಿಂದ ಲೆಕ್ಕ, ಉಳಿತಾಯ, ಬೇಡಿಕೆ ಪೂರೈಕೆಗಳ ತಿಳಿವಳಿಕೆ ಬೆಳೆಯುತ್ತದೆಂದು ಕೆಲವರು ವಾದಿಸಿದರೆ, ಅದಕ್ಕೆ ವ್ಯಯವಾಗುವ ಸಮಯವನ್ನು ಇತರರು ಆಕ್ಷೇಪಿಸುತ್ತಾರೆ. ಗಳಿಸಿದ ನಾಣ್ಯಕ್ಕೆ ಆಟದೊಳಗೆ ಮಾತ್ರ ಬೆಲೆಯುಂಟು; ಅದಕ್ಕಾಗಿ ವೆಚ್ಚವಾದ ಸಮಯ ಮತ್ತು ರೂಪಾಯಿಗಳು ಆಟದ ಹೊರಗಿನವು. ಮೇಲಿನ ಬಹುಪಾಲು ವಿವಾದಗಳ ಮೂಲ ಈ ಅಂತರದಲ್ಲಿದೆ.